ಬುಗುರಿಯನ್ನು ಕೂರಿಸುವುದು

ಮಾರ್ಚ್ 3, ಸೋಮವಾರ

ಎರಡು ಪ್ಯಾಂಟಿನ ಕಾಲು ಮಡಚಿ ಹೊಲಿದೆ. ಮೂರನೆಯದರ ಅಳತೆ ತಪ್ಪಿತು, ಬಿಚ್ಚಿದೆ.

ಮಾವನ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ನಮ್ಮ ನಾಯಿ ಬುಗುರಿ ಬೇಕೆಂದು ಬೀಳಿಸಿದ್ದಲ್ಲ. ಮಾವ ಹೊರಗಿನಿಂದ ಬಂದರು, ಮೆಟ್ಟಿಲ ಮೇಲೇ ಹಾರಿ ಎದೆಗೆ ಕಾಲು ಕೊಟ್ಟಿತು. ಪ್ರೀತಿ ಹೆಚ್ಚಾಗಿ. ಆದರೆ ಬಿದ್ದವರು ವಯಸ್ಸಾದವರು... ಈಗ ಅವರು ಕೆಳಗೆ ಇಳಿಯುವುದೇ ಇಲ್ಲ. ಇಡೀ ದಿನ ಕಿಟಕಿ ಪಕ್ಕದ ಕುರ್ಚಿ. ನಾಯಿ ಹಾಲ್‌ಗೆ ಬಂದರೆ ಕಾಲು ಮೇಲೆತ್ತಿಕೊಳ್ಳುತ್ತಾರೆ. ನೋಡಲಾಗುವುದಿಲ್ಲ.

ಊಟದ ಹೊತ್ತಿಗೆ ಇವರು ತಟ್ಟೆ ನೋಡಿಕೊಂಡೇ ಹೇಳಿದರು. "ನಮ್ಮ ಗೋಡೌನ್ ಓನರ್‌ಗೆ ಕಾವಲಿಗೆ ನಾಯಿ ಬೇಕಂತೆ. ತಿಂಗಳ ಕೊನೇಲಿ ಬಂದು ನೋಡ್ತಾರೆ."

"ಅಲ್ಲಿ ಚೈನ್ ಹಾಕಿ ಕಟ್ಟಿರ್ತಾರಾ?"

"ಮತ್ತೇನು, ಸೋಫಾ ಹಾಕಿ ಕೊಡ್ತಾರಾ?"

"ಅಷ್ಟರಲ್ಲಿ ಹೇಳಿದ ಮಾತು ಕೇಳೋ ಹಾಗೆ ಮಾಡಿದ್ರೆ?"

"ಮಾಡು ನೋಡೋಣ. ಅಪ್ಪ ಹೂಂ ಅಂದ್ರೆ ನಂದೇನೂ ಇಲ್ಲ."

ಇವರು ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ದಿನವಿಡೀ ಮಿಷನ್ ಪಕ್ಕ ಬಿದ್ದುಕೊಂಡು ನನಗೆ ಜೊತೆ ಕೊಡುವ ಜೀವ ಅದೊಂದೇ. ಕಳಿಸಲಾರೆ.

ಮಾರ್ಚ್ 4

ಪಾರ್ಕಿನಲ್ಲಿ ನಾಯಿಗಳಿಗೆ ತರಬೇತಿ ಕೊಡುವಾಕೆಯ ಹತ್ತಿರ ಹೋದೆ. ನಾಯಿಗಳಿಗಿಂತ ನಮ್ಮನ್ನೇ ಹೆಚ್ಚು ಗದರುವ ಹೆಂಗಸು.

"ಒಂದೇ ಮಾತು. ಮನೆಯವರೆಲ್ಲ ಅದನ್ನೇ ಹೇಳ್ಬೇಕು. ಕೂತ ತಕ್ಷಣ ತಿನ್ನೋಕೆ ಕೊಡಿ. ಹೊಡೆಯೋದು, ಕಿರುಚೋದು ಬೇಡ. ಮತ್ತೆ ನೀವೇ ಹೀಗೆ ಚಡಪಡಿಸ್ತಿದ್ರೆ ಅದು ಹೇಗೆ ಸುಮ್ನಿರುತ್ತೆ?"

ಮನೆಗೆ ಬಂದು ಎಲ್ಲರಿಗೂ ಹೇಳಿದೆ — 'ಕೂರು', ಅಷ್ಟೇ. ಇವರು "ಸಿಟ್" ಅಂದರು. ಮಾವ ಕುರ್ಚಿಯಿಂದ, "ಕೂತ್ಕೊಳ್ಳಪ್ಪಾ ಪುಣ್ಯಾತ್ಮ, ಕೈ ಮುಗಿಯೋಣ ಅಂದ್ರೆ ಒಂದು ಕೈಯನ್ನ ನೀನೇ ಮುರಿದಿದ್ದೀಯ" ಅಂದರು. ಬುಗುರಿ ಹೆಸರಿಗೆ ತಕ್ಕ ಹಾಗೆ ಸುತ್ತಿದ್ದೇ ಸುತ್ತಿದ್ದು.

ಮಾರ್ಚ್ 9, ಭಾನುವಾರ

ಕೂರುತ್ತಿದೆ! ಹೊಲಿಯುತ್ತಾ 'ಕೂರು' ಅಂದರೆ ಸಾಕು, ತಟ್ಟನೆ ಕುಂಡೆ ಊರುತ್ತದೆ. ಬ್ರೆಡ್ ಚೂರು ಖಾಲಿಯಾಗುವವರೆಗೂ ಕೂರಿಸಿದೆ. ಎಷ್ಟೋ ದಿನದ ಮೇಲೆ ಒಂದು ಕೋಟಿನ ಒಳಗಿನ ಅಸ್ತರು ಒಂದೇ ಸಲಕ್ಕೆ ಸರಿಯಾಗಿ ಕೂತಿತು. ಯಾರಿಗೂ ಹೇಳಿಲ್ಲ. ಶನಿವಾರ ಎಲ್ಲರೆದುರು ತೋರಿಸುತ್ತೇನೆ.

ಮಾರ್ಚ್ 15, ಶನಿವಾರ

ಮಾನ ಹೋಯಿತು.

ಹಾಲ್‌ನಲ್ಲಿ ಇವರು, ಮಾವ. ನಾನು ಕೊರಳಿನ ಅಳತೆ ಟೇಪು ತೆಗೆದಿಟ್ಟು, ನೆಟ್ಟಗೆ ನಿಂತು, ಸ್ಪಷ್ಟವಾಗಿ "ಕೂರು" ಅಂದೆ. ಬುಗುರಿ ನನ್ನ ಮುಖ ನೋಡಿತು — ಯಾರಮ್ಮ ನೀನು ಅನ್ನುವ ಹಾಗೆ. ಇನ್ನೊಂದು ಸಲ ಅಂದೆ. ಸೀದಾ ಮಾವನ ಕಡೆ ನುಗ್ಗಿತು. ಅವರು ಪ್ಲಾಸ್ಟರ್ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಕೂಗಿಕೊಂಡರು. ಇವರು ಕತ್ತಿನ ಪಟ್ಟಿ ಹಿಡಿದು ಎಳೆದರು.

"ಸಾಕು ಮಾಡು ನಿನ್ನ ಸರ್ಕಸ್ಸು."

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅದೂ ಹಿಂದೆಯೇ ಬಂತು, ಬಾಲ ಅಲ್ಲಾಡಿಸಿಕೊಂಡು. ಸಿಟ್ಟಿಗೆ ಒಂದು ಬಿಡಬೇಕೆನಿಸಿತು. ಬಿಡಲಿಲ್ಲ.

ಮಾರ್ಚ್ 16

ಕರೆದದ್ದಕ್ಕೆ ತರಬೇತಿಯಾಕೆ ಮನೆಗೇ ಬಂದಳು. "ದಿನಾ ಹೇಗೆ ಹೇಳ್ತೀರೋ ಹಾಗೇ ಹೇಳಿ." ಮಿಷನ್ ಮುಂದೆ ಕೂತೆ, ಕೆಲಸ ಹಿಡಿದೆ, ಹೇಳಿದೆ. ಕೂತಿತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ರೀ, ಬಾಯಿ ತುಂಬ ಗುಂಡುಸೂಜಿ ಕಚ್ಕೊಂಡು ಹೇಳ್ತೀರಲ್ಲ! ಮಾತೆಲ್ಲಿ ಹೊರಗೆ ಬರುತ್ತೆ? ಅದು ಕೂರ್ತಿರೋದು ನಿಮ್ಮ ಗಲ್ಲ ಕೆಳಗಾಗೋದು ನೋಡಿ."

ನಿಜ. ಹೊಲಿಯುವಾಗ ಸೂಜಿ ತುಟಿಯಲ್ಲಿ ಕಚ್ಚಿಕೊಳ್ಳುವುದು ನನಗೆ ಉಸಿರಾಡಿದಷ್ಟು ರೂಢಿ. ಇಷ್ಟು ದಿನ ನಾನು ಹೇಳಿದ್ದು ಬರೀ 'ಊಂ'. ನಾಯಿಯದು ಏನೂ ತಪ್ಪಿಲ್ಲ. ಆಕೆ ಹೇಳಿದ್ದು: ಸೂಜಿ ಬೇಡ, ನಿಂತು ಹೇಳಿ, ಬಾಗಿಲಲ್ಲಿ ಹೇಳಿ, ಮೆಟ್ಟಿಲ ಮೇಲೆ, ರಸ್ತೆಯಲ್ಲಿ. ಜಾಗ ಬದಲಾದರೆ ಪಾಠ ಮೊದಲಿಂದ.

ಮೊದಲಿಂದ. ಆಗಲೇ ಅರ್ಧ ತಿಂಗಳು ಮುಗಿಯಿತು...

ಮಾರ್ಚ್ 24

ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ರಸ್ತೆ, ಮಧ್ಯಾಹ್ನ ಮೆಟ್ಟಿಲು, ಸಂಜೆ ಹಾಲ್. ಗಿರಾಕಿ ಬಂದು ಬೆಲ್ ಮಾಡಿದರೂ ಈಗ ಬಾಗಿಲಿಗೆ ಹಾರುವುದಿಲ್ಲ. ಮೈ ನಡುಗುತ್ತದೆ, ಆದರೂ ಕೂತಿರುತ್ತದೆ. ಅದು ಕೂತರೆ ನನ್ನ ಎದೆಬಡಿತವೂ ಸ್ವಲ್ಪ ಇಳಿಯುತ್ತದೆ.

ಇವತ್ತು 'ಇರು' ಕಲಿಸುತ್ತಿದ್ದೆ. ಹಿಂದಿನಿಂದ ಮಾವ: "ಹಿಂದಿನ ಕಾಲು ಎತ್ತಿತು. ಲೆಕ್ಕಕ್ಕಿಲ್ಲ."

ಅಂದರೆ ನೋಡುತ್ತಿದ್ದಾರೆ!

ಮಾರ್ಚ್ 29, ಶನಿವಾರ

ಗೋಡೌನ್ ಓನರ್ ಬಂದರು. ಹೊಸ ಮನುಷ್ಯ, ಬೂಟಿನ ಸದ್ದು, ಬುಗುರಿ ಎದ್ದಿತು. ನಾನು "ಕೂರು" ಅಂದೆ. ಕೂತಿತು. ಅವರು ಬೇಕೆಂದೇ ಹತ್ತಿರ ಹೋಗಿ ಕಾಲು ನೆಲಕ್ಕೆ ಬಡಿದರು. ಅಲುಗಲಿಲ್ಲ.

"ಏನ್ರೀ ಇದು? ಕಳ್ಳ ಬಂದು ಕೂರು ಅಂದ್ರೂ ಕೂರುತ್ತೆ. ನಂಗೆ ಬೇಡಪ್ಪ ಇಂಥ ಸಂಭಾವಿತ."

ನಗು ತಡೆಯಲು ಸೆರಗಿಲ್ಲ, ಟೇಪನ್ನೇ ಬಾಯಿಗೆ ಒತ್ತಿಕೊಂಡೆ. ಆದರೆ ಅವರು ಹೋದಮೇಲೆ ಇವರು, "ಇವರಲ್ದಿದ್ರೆ ಇನ್ನೊಬ್ರು. ಅಪ್ಪ ಇನ್ನೂ ಹೂಂ ಅಂದಿಲ್ಲ" ಅಂದರು. ಮಾವ ಕಿಟಕಿಯ ಕಡೆ ತಿರುಗಿಕೊಂಡರು.

ಮಾರ್ಚ್ 30, ಭಾನುವಾರ, ಸಂಜೆ

ಮಾವ ತಾವಾಗಿಯೇ ಎದ್ದು ಚಪ್ಪಲಿ ಹಾಕಿಕೊಂಡರು. ಸರಿಯಿರುವ ಕೈ ಚಾಚಿದರು. "ಹಗ್ಗ ಕೊಡಮ್ಮ."

"ಮಾವ, ನಾನೂ—"

"ನೀನು ಬರ್ಬೇಡ. ಅದು ಕೂರೋದು ಕಲಿಯೋಷ್ಟರಲ್ಲಿ ನಂಗೂ ಕೂತೂ ಕೂತೂ ಬೇಜಾರಾಯ್ತು."

ಬಾಗಿಲಲ್ಲಿ ನಿಂತು ನೋಡಿದೆ. "ಇರು" ಅಂದರು, ದನಿ ನಡುಗುತ್ತಿತ್ತು. ಒಂದು ಮೆಟ್ಟಿಲು ಇಳಿದು, ತಿರುಗಿ ನೋಡಿ, "ಬಾ." ಇನ್ನೊಂದು ಮೆಟ್ಟಿಲು. ಬುಗುರಿ ಹಗ್ಗ ಎಳೆಯದೆ ಪಕ್ಕದಲ್ಲೇ ಇಳಿಯಿತು. ಇಬ್ಬರೂ ಗೇಟ್ ದಾಟಿ ಹೋದರು.

ಹೋಗಿ ಎಷ್ಟು ಹೊತ್ತಾಯಿತು? ಮಿಷನ್ ತುಳಿಯಲು ಹೋದೆ, ಸೂಜಿ ಮುರಿಯಿತು. ಇವರು ಪೇಪರ್ ಹಿಡಿದಿದ್ದಾರೆ, ಹಾಳೆ ತಿರುಗಿಸಿಯೇ ಇಲ್ಲ. ನಾನು ಕಿಟಕಿಯಲ್ಲಿ, ಮಾವನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ... ರಸ್ತೆಯಲ್ಲಿ ಕಾಣುತ್ತಿಲ್ಲ...

ಬಂದರು! ಗೇಟಿನ ಹತ್ತಿರ. ಕೆಳಗಿನ ಮನೆಯಾಕೆ ಕೂಗುತ್ತಿದ್ದಾರೆ — "ಅಯ್ಯೋ ದೂರ ಹಿಡ್ಕೊಳ್ಳಿ, ಮತ್ತೆ ಬೀಳಿಸಿಬಿಡುತ್ತೆ!"

ಮಾವನ ದನಿ, ಏನು ಜೋರು: "ನಮ್ಮನೆ ನಾಯಿನಾ? ಬೀಳ್ಸೋದಾ? ಈಗ ಹಗ್ಗ ಬಿಡ್ತೀನಿ, ನೋಡ್ತಾ ಇರಿ!"

ಅಯ್ಯೋ ಮಾವ, ಗೇಟ್ ಇನ್ನೂ ತೆರೆದೇ ಇದೆ, ಹಗ್ಗ ಮಾತ್ರ ಬಿಡಬೇಡಿ—