ರುಮಾಲು ಕಂಡರೆ ನಿಲ್ಲಬೇಕು

ಮೂರನೇ ಏಟಿಗೆ ನನ್ನ ಮುಂದಿನ ಎರಡು ಹಲ್ಲು ಹೋದವು, ಭಾಗಪ್ಪ. ಇನ್ನು ನಾನು ಸಿಳ್ಳೆ ಹಾಕಿದರೆ ಎಮ್ಮೆಯೂ ತಿರುಗಿ ನೋಡುವುದಿಲ್ಲ.

ಇವತ್ತು ಟಿಕೋಟಾದ ಆಚೆ, ಗೌಡರ ಚಾವಡಿ ದಾಟಿದ ಕೂಡಲೇ, ಹ್ಯಾಂಡಲಿಗೆ ರುಮಾಲು ಕಟ್ಟಿದ ಮೋಟಾರ್‌ಸೈಕಲ್ ಕಂಡಿತು. ಗಾಡಿ ಕೆಟ್ಟವನು ರುಮಾಲು ಕಟ್ಟಬೇಕು, ಕಂಡವನು ನಿಲ್ಲಲೇಬೇಕು ಎಂದು ಗೋಳಗುಮ್ಮಟದ ಮುಂದೆ ಚಹಾ ಕುಡಿಯುತ್ತ ಗಾಡಿ ಇದ್ದ ನಮ್ಮ ಆರು ಜನ ಗೆಳೆಯರಿಗೆ ಹೇಳಿದವನು ನೀನೇ. ಗಾಡಿ ನಿಮ್ಮ ಓಣಿಯ ಪರಸಪ್ಪ ಮಾಸ್ತರನದು; ರುಮಾಲು ಕಟ್ಟುವುದನ್ನು ನಿನ್ನಿಂದಲೇ ಕಲಿತಿರಬೇಕು. ನಾಲ್ವರು ಅವನನ್ನು ಕೆಡವಿ ಒದೆಯುತ್ತಿದ್ದರು.

“ಬೌದ್ಧ ಆದ್ರ ಕೋಡು ಮೂಡ್ಯಾವೇನಲೇ? ಚಾವಡಿ ಮುಂದ ಇಳದು ಗಾಡಿ ನೂಕ್ಕೊಂಡು ಹೋಗಬೇಕು!”

“ಯಪ್ಪಾ, ನಾನೂ ಇಳೀಲಿಲ್ರಿ. ನನಗೂ ನಾಕು ಒದೀರಿ,” ಎಂದೆ.

ನಕ್ಕರು. “ಈರಯ್ಯಾರ, ನೀವು ಸ್ವಾಮ್ಯಾರು. ನಿಮಗ್ಯಾಕ ಇದು? ಹೋಗ್ರಿ.”

ಗಾಡಿಯಿಂದ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ತೆಗೆದೆ. ಒಬ್ಬನ ಮೊಣಕಾಲು ಒಡೆಯಿತು, ಇನ್ನೊಬ್ಬನ ಕಿವಿ ಹರಿದು ಜೋತಾಡಿತು. ಅವರ ಬಡಿಗೆ ನನ್ನ ಬಾಯಿಗೆ ಬಿತ್ತು. ಪರಸಪ್ಪ ರಕ್ತ ಉಗುಳುತ್ತ ಎದ್ದು ಕಲ್ಲು ಎತ್ತಿದ ಮೇಲೆ ಓಡಿದರು.

ಜೈನಾಪುರದ ಹತ್ತಿರ ನೀನು ರುಮಾಲು ಕಟ್ಟಿದ್ದ ದಿನವೂ ನಿನ್ನನ್ನು ಬಡಿಯುತ್ತಿದ್ದವರು ನನಗೆ ಹೀಗೆಯೇ “ಹೋಗ್ರಿ” ಅಂದಿದ್ದರು. ಆವತ್ತು ನನ್ನ ಗಾಡಿ ಬಹಳ ಚೆನ್ನಾಗಿ ಓಡಿತು. ನಿನ್ನನ್ನು ಮಣ್ಣು ಮಾಡಿದ ದಿನ ನಿನ್ನ ಹೆಂಡತಿ ಮಾಳವ್ವ, “ಅಣ್ಣಾರ, ನೀವು ಆ ದಾರ್ಯಾಗ ಬಂದಿದ್ದಿಲ್ಲೇನ್ರಿ?” ಎಂದಳು. “ಇಲ್ಲವ್ವಾ” ಅಂದೆ.

ಪರಸಪ್ಪ ನಮ್ಮ ಪಡಸಾಲೆಯಲ್ಲಿದ್ದಾನೆ. ನಿನ್ನನ್ನು ನಾನು ಕಟ್ಟೆಯಿಂದ ಒಳಗೆ ಕರೆದೇ ಇರಲಿಲ್ಲ.

ನನ್ನ ಹೆಂಡತಿ ರೇಣುಕವ್ವ ಕೂಗುತ್ತಿದ್ದಾಳೆ: “ಬರ್ರಿ ಉಣ್ಣಾಕ! ಇಬ್ಬರಿಗೂ ಬಾಜೂಕ ಬಾಜೂಕ ತಾಟು ಇಟ್ಟೇನಿ. ನಿಮ್ಮ ರೊಟ್ಟಿ ಹಾಲಿನ್ಯಾಗ ನೆನಸೇನಿ.”