ನಿಮ್ಮ ಕುರ್ಚಿಯಲ್ಲಿ ಕೂತ ದಿನ

ಹುಣಸೂರು
28-5-1955, ಶನಿವಾರ ಮಧ್ಯಾಹ್ನ

ನನ್ನ ಪ್ರೀತಿಯ ಮನೆಯವರಿಗೆ ಸುಂದ್ರಮ್ಮನ ಶರಣು.

ಸಂಜೆಯ ಜ್ವರ ನಿಂತಿದೆಯೇ? ಸೂಜಿ ಚುಚ್ಚಿದ ಕಡೆ ಗಂಟು ಕಟ್ಟುತ್ತದೆ ಎಂದು ಬರೆದಿದ್ದಿರಿ, ಬಿಸಿನೀರಿನ ಬಟ್ಟೆ ಇಡಲು ಆ ದಾದಿಯಮ್ಮನಿಗೆ ಹೇಳಿ. ಸಂಕೋಚ ಮಾಡಿಕೊಳ್ಳಬೇಡಿ. ದಿನಕ್ಕೆರಡು ಮೊಟ್ಟೆ ತಿನ್ನಲೇಬೇಕು ಎಂದು ಡಾಕ್ಟರು ಹೇಳಿದ ಸಂಗತಿ ನನ್ನಲ್ಲೇ ಇದೆ, ಅತ್ತೆಯ ಕಿವಿಗೆ ಬಿದ್ದಿಲ್ಲ. ತಿನ್ನಿ. ಶಿವ ಕಣ್ಣು ಮುಚ್ಚಿಕೊಳ್ಳುತ್ತಾನೆ, ನಾನೂ ಮುಚ್ಚಿಕೊಳ್ಳುತ್ತೇನೆ. ನಿಮ್ಮ ತೂಕ ಹೆಚ್ಚಿತೆಂದು ಒಂದು ಸಾಲು ಬಂದರೆ ನನಗೆ ಅಷ್ಟೇ ಸಾಕು.

ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆ ಎರಡು ದಿನ ಮಳೆ ಬಿತ್ತು. ಊರ ಸುತ್ತ ಹೊಗೆಸೊಪ್ಪಿನ ಸಸಿ ನೆಡುತ್ತಿದ್ದಾರೆ, ಗಾಳಿ ಬೀಸಿದರೆ ಹಸಿ ಮಣ್ಣಿನ ವಾಸನೆ ನಡುಮನೆಗೇ ಬರುತ್ತದೆ. ಈಗ ಅತ್ತೆ ಮಲಗಿದ್ದಾರೆ. ನಾನು ಬೀದಿ ಕಡೆಯ ನಿಮ್ಮ ಓದುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ಹೊತ್ತಿನಲ್ಲಿ ಕಿಟಕಿಯಿಂದ ಬರುವ ಬೆಳಕು ಪುಸ್ತಕದ ಬೀರುವಿನ ಮೇಲೆ ನೀರಿನ ಹಾಗೆ ಅಲ್ಲಾಡುತ್ತದೆ, ನೀವು ನೋಡಿದ್ದೀರೋ ಇಲ್ಲವೋ. ನೋಡುತ್ತಾ ಕೂತರೆ ಕಣ್ಣು ತಾನಾಗಿ ಎಳೆಯುತ್ತದೆ. ಮೊನ್ನೆ ಹಾಗೆಯೇ ಜೊಂಪು ಹತ್ತಿ, ಆಸ್ಪತ್ರೆಯ ಉದ್ದ ಜಗಲಿಯೂ ನಮ್ಮ ಕಾಲೇಜಿನ ಜಗಲಿಯೂ ಒಂದೇ ಆಗಿ, ನೀವು ಶಾಲು ಹೊದ್ದು ಆ ತುದಿಯಿಂದ ನಡೆದು ಬರುತ್ತಿದ್ದಿರಿ. ಕೆಮ್ಮುತ್ತಿರಲಿಲ್ಲ. ಎಚ್ಚರವಾದ ಮೇಲೂ ಬಹಳ ಹೊತ್ತು ನಾನು ಅಲ್ಲಾಡದೆ ಕೂತಿದ್ದೆ, ಅಲ್ಲಾಡಿದರೆ ನೀವು ಹೋಗಿಬಿಡುತ್ತೀರಿ ಅನ್ನಿಸಿ.

ಈಗ ವಿಷಯಕ್ಕೆ ಬರುತ್ತೇನೆ. ಕಾಲೇಜಿನ ಗಣಿತದ ಮೇಷ್ಟ್ರ ಆಯ್ಕೆ ಮುಗಿಯಿತು. ನಿಮಗೆ ಬೇರೆಯವರಿಂದ ಸುದ್ದಿ ತಲುಪುವ ಮೊದಲು ನಾನೇ ಹೇಳಬೇಕು.

ಹದಿನೈದು ದಿನದ ಹಿಂದೆ ಅಧ್ಯಕ್ಷರು ಶಿವನಂಜಪ್ಪನವರು ಮನೆಗೆ ಬಂದರು. ಸಮಿತಿಯಲ್ಲಿ ಐದೂ ಜನ ಕೂತರೆ ಮಾತ್ರ ನೇಮಕ ಊರ್ಜಿತ, ಯಾರಿಗಾದರೂ ಬರಲಾಗದಿದ್ದರೆ ಅವರ ಮನೆಯವರೊಬ್ಬರು ಕೂರಬಹುದು ಎಂದು ನಿಯಮ ಬರೆದಿಟ್ಟವರು ನೀವೇ. "ಸುಂದ್ರಮ್ಮ, ನೀವು ಒಂದ್ ಗಳಿಗೆ ಬಂದು ರುದ್ರಸ್ವಾಮಿಯೋರ ಕುರ್ಚೀಲಿ ಕೂತ್ಕೊಂಡು ಹೋಗಿ ಸಾಕು ಕಣ್ರೀ. ಕೊನೇಗೆ ರುಜು ಎಲ್ಲಿ ಹಾಕ್ಬೇಕು ಅಂತ ನಾನೇ ತೋರಿಸ್ತೀನಿ" ಎಂದರು. ನಾನು ಕಾಫಿ ಕೊಟ್ಟು ಆಗಲಿ ಎಂದೆ. ಮದುವೆಯಾಗಿ ಬಂದಾಗ ನಾಲ್ಕನೇ ಕ್ಲಾಸು ಓದಿದ್ದವಳಿಗೆ ಇದೇ ಕೋಣೆಯಲ್ಲಿ ಕೂರಿಸಿ ಪತ್ರ ಬರೆಯುವಷ್ಟು ಕಲಿಸಿದವರು ನೀವು. ಕಾಲೇಜಿಗೆ ಮೇಷ್ಟ್ರನ್ನು ಆರಿಸುವಷ್ಟು ಕಲಿಸಿರಲಿಲ್ಲ.

ಹತ್ತೊಂಬತ್ತನೇ ತಾರೀಕು ಗುರುವಾರ ಹೋದೆ. ಹೊಗೆಸೊಪ್ಪಿನ ಗೋಡೌನನ್ನು ಕಾಲೇಜು ಮಾಡಿ ವರ್ಷವಾದರೂ ಗೋಡೆಯಿಂದ ಆ ಘಾಟು ಇನ್ನೂ ಬಿಟ್ಟಿಲ್ಲ. ಮೊದಮೊದಲು ತಲೆ ಸುತ್ತುತ್ತದೆ, ಆಮೇಲೆ ಹಿತವಾಗುತ್ತದೆ. ನಿಮ್ಮ ಕುರ್ಚಿಯ ತೋಳು ಸವೆದ ಜಾಗದಲ್ಲಿ ಕೈ ಇಟ್ಟುಕೊಂಡೆ. ಎದುರಿಗೆ ಶಿವನಂಜಪ್ಪನವರು, ಪಕ್ಕದಲ್ಲಿ ನಿವೃತ್ತ ಹೆಡ್‌ಮಾಸ್ಟರು ವೀರಭದ್ರಸ್ವಾಮಿಗಳು, ಅಂಗಡಿ ಸಣ್ಣಯ್ಯನವರು, ಮತ್ತೆ ಗಾವಡಗೆರೆಯ ಚಿಕ್ಕಬಸಪ್ಪ. ಕಾಲೇಜಿಗೆಂದು ನೀವು ಹಳ್ಳಿ ಹಳ್ಳಿ ಸುತ್ತಿದಾಗ ಮೊಟ್ಟಮೊದಲು ಗಾಡಿ ಕಟ್ಟಿ ರಾಗಿ ಕಳಿಸಿದರಲ್ಲ, ಅದೇ ಚಿಕ್ಕಬಸಪ್ಪ. ಅವರಿಗೆ ಓದು ಬಾರದು, ಹೆಬ್ಬೆಟ್ಟು.

ಕೊನೆಗೆ ಉಳಿದದ್ದು ಇಬ್ಬರ ಅರ್ಜಿ. ಒಂದು ನಮ್ಮ ಮಿರ್ಲೆಯ ದೊಡ್ಡಭಾವನವರ ಮಗ ನೀಲಕಂಠಸ್ವಾಮಿಯದು. ಇನ್ನೊಂದು ಪಿರಿಯಾಪಟ್ಟಣದ ಟೈಲರ್ ಖದೀರ್ ಸಾಬರ ಮಗಳು ಬದ್ರುನ್ನೀಸಾ ಅವರದು, ಮೈಸೂರಿನಲ್ಲಿ ಗಣಿತದ ಎಂ.ಎ. ಮಾಡಿದ್ದಾರೆ. ಹೆಸರು ಕೇಳಿದಾಗಿನಿಂದ ನನ್ನ ಎದೆಯಲ್ಲಿ ನಿಮ್ಮ ಎರಡು ಮಾತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಮೊದಲ ನಾಲ್ಕು ಮೇಷ್ಟ್ರೂ ನಮ್ಮ ಜನವೇ ಆದಾಗ ನೀವು ಊಟ ಬಿಟ್ಟು ಎದ್ದು, "ಊರೆಲ್ಲ ಸೇರಿ ಕಟ್ಟಿದ ಕಾಲೇಜು ಊರಿನ ಹಾಗೇ ಕಾಣಬೇಕು ಕಣೆ, ನಮ್ಮ ಮನೆ ಜಗಲಿ ಹಾಗಲ್ಲ" ಎಂದಿರಿ. ಜಾತಿ ಮತ ನೋಡುವುದಿಲ್ಲ, ಹೆಂಗಸರೂ ಅರ್ಜಿ ಹಾಕಬಹುದು ಎಂಬ ಸಾಲನ್ನು ಹಟ ಹಿಡಿದು ಜಾಹೀರಾತಿಗೆ ಸೇರಿಸಿದ್ದೂ ನೀವೇ. ಆಸ್ಪತ್ರೆಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಭಾವನವರ ಕೈ ಹಿಡಿದು, "ನೀಲಕಂಠನ ಚಿಂತೆ ನಿಮಗೆ ಬೇಡ ಅಣ್ಣ, ಆ ಕೆಲಸ ಅವನದೇ" ಎಂದದ್ದೂ ನೀವೇ. ಎರಡನ್ನೂ ನಾನೇ ಕೇಳಿದ್ದೆ. ಯಾವುದನ್ನು ಉಳಿಸಲಿ, ನೀವೇ ಹೇಳಿ.

ನೀಲಕಂಠ ಚೆನ್ನಾಗಿಯೇ ಉತ್ತರ ಹೇಳಿದ. ಕೊನೆಗೆ ಚಿಕ್ಕಬಸಪ್ಪ ತಮ್ಮದೊಂದು ಪ್ರಶ್ನೆ ಇದೆ ಎಂದರು: "ಕೆರೆ ಏರಿ ಕೆಳಗೆ ನಂದೊಂದು ಗದ್ದೆ ಐತೆ. ಕುಡ್ಲಿನಂಗೆ ಬಾಗೈತೆ. ಅದ್ರ ಅಳತೆ ಎಂಗ್ ತಗಿಯೋದು, ವಸಿ ಯೋಳಪ್ಪ." ನೀಲಕಂಠ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಉದ್ದವಾಗಿ ಬರೆದ. ಹೆಡ್‌ಮಾಸ್ಟರು ಸರಿಯಾಗಿದೆ ಎಂದು ತಲೆ ಆಡಿಸಿದರು. ಚಿಕ್ಕಬಸಪ್ಪ ಬೋರ್ಡನ್ನೂ ಇವನನ್ನೂ ನೋಡುತ್ತಲೇ ಇದ್ದಾಗ, "ಶಾನುಭೋಗರ ಹತ್ತಿರ ನಕ್ಷೆ ಇರುತ್ತಲ್ಲ, ಕೇಳಿ" ಎಂದುಬಿಟ್ಟ. ಪಾಪ, ಒರಟಾಗಿ ಹೇಳಲಿಲ್ಲ, ಗಾಬರಿಯಲ್ಲಿ ಹೇಳಿದ.

ಆಮೇಲೆ ಆ ಹುಡುಗಿ ಬಂದರು. ಬಿಳಿ ಸೀರೆ, ತಲೆ ಮೇಲೆ ಸೆರಗು, ಒಣಗಿದ ತುಟಿ. ಎಲ್ಲರಿಗೂ ಕೊಟ್ಟ ಹಾಗೆ ಅವರಿಗೂ ಸಣ್ಣಯ್ಯನವರ ಮನೆಯ ಮಜ್ಜಿಗೆ ತಂದಿಟ್ಟರು. ಅವರು ಲೋಟವನ್ನು ಎರಡು ಕೈಯಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಚಿಕ್ಕಬಸಪ್ಪ ಅದೇ ಪ್ರಶ್ನೆ ಕೇಳಿದಾಗ ಅವರು ಬೋರ್ಡಿಗೆ ಹೋಗಲಿಲ್ಲ. "ಯಜಮಾನ್ರೇ, ನೀವು ಗದ್ದೆಗೆ ಹೋದಾಗ ಜೊತೆಗೆ ಹಗ್ಗ ಇರುತ್ತಾ?" ಎಂದರು. ಇರುತ್ತದೆ ಎಂದರು ಚಿಕ್ಕಬಸಪ್ಪ. ಗದ್ದೆಯ ಈ ಮೂಲೆಯಿಂದ ಆ ಮೂಲೆಗೆ ಹಗ್ಗ ನೆಟ್ಟಗೆ ಎಳೆದು ಕಟ್ಟಿ, ಹತ್ತು ಹೆಜ್ಜೆಗೊಂದು ಗೂಟ ಹೊಡೆದು, ಪ್ರತಿ ಗೂಟದ ಎದುರೂ ಗದ್ದೆ ಎಷ್ಟು ಅಗಲ ಇದೆ ನೋಡಬೇಕು, ಆಗ ಗದ್ದೆ ಪಟ್ಟಿ ಪಟ್ಟಿಯಾಗುತ್ತದೆ, ಒಂದೊಂದು ಪಟ್ಟಿಯನ್ನೂ ಅಳೆದು ಕೂಡಿಸಿದರೆ ಆಯಿತು ಎಂದು ತಮ್ಮ ಸೆರಗಿನ ಅಂಚನ್ನು ಮೇಜಿನ ಮೇಲೆ ಬಾಗಿಸಿ ಇಟ್ಟು ತೋರಿಸಿದರು. "ಬಾಗಿರೋ ಕಡೆ ವಸಿ ತಪ್ಪೋಯ್ತದಲ್ಲ ತಾಯಿ?" ಎಂದು ಚಿಕ್ಕಬಸಪ್ಪ ಬಗ್ಗಿ ನೋಡಿದರು. "ತಪ್ಪುತ್ತೆ. ಐದೈದು ಹೆಜ್ಜೆಗೆ ಗೂಟ ಹೊಡೀರಿ, ತಪ್ಪು ಕಮ್ಮಿ ಆಗುತ್ತೆ. ಎರಡೆರಡು ಹೆಜ್ಜೆಗೆ ಹೊಡುದ್ರೆ ಇನ್ನೂ ಕಮ್ಮಿ."

ಆಗ ನನಗೇನಾಯಿತೋ ಗೊತ್ತಿಲ್ಲ. ನಾನು ಬಾಯಿ ಬಿಡಬಾರದೆಂದೇ ಹೋಗಿದ್ದವಳು. "ಹಾಗೇ ಕಿರಿದು ಮಾಡ್ತಾ ಮಾಡ್ತಾ ಹೋದರೆ ಕೊನೆಗೆ?" ಎಂದು ಕೇಳಿಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು. ಆ ಹುಡುಗಿ ಮಾತ್ರ ಈ ಪ್ರಶ್ನೆಗಾಗಿಯೇ ಬೆಳಗಿನ ಬಸ್ಸು ಹತ್ತಿ ಬಂದವರ ಹಾಗೆ ನಕ್ಕರು. "ಕೊನೆ ಅನ್ನೋದು ಸಿಗಲ್ಲ ಅಮ್ಮ. ಹತ್ರ ಹತ್ರ ಹೋಗ್ತಾನೇ ಇರ್ತೀವಿ. ಆದ್ರೆ ಎಲ್ಲಿಗೆ ಹೋಗ್ತಿದೀವಿ ಅಂತ ನಿಶ್ಚಯವಾಗಿ ಹೇಳಬಹುದು" ಎಂದರು. ಆ ಮಾತು ಕೇಳಿದ ಮೇಲೆ ಸ್ವಲ್ಪ ಹೊತ್ತು ಕೋಣೆಯಲ್ಲಿ ಏನು ನಡೆಯಿತೋ ನನಗೆ ನೆನಪಿಲ್ಲ. ಮೇಲಿನ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಲಕ್ಷ್ಮಣತೀರ್ಥದ ನೀರು ಕಲ್ಲಿನ ಪಕ್ಕ ತಿರುಗಿ ತಿರುಗಿ ಹರಿಯುವುದನ್ನು ನೋಡುತ್ತಾ ನಿಂತಾಗ ಆಗುತ್ತದಲ್ಲ, ಹಾಗಾಗಿತ್ತು. ನನಗೆ ಹದಿನಾರು ವರ್ಷವಾಗಿದ್ದಾಗ ಇಂಥವರೊಬ್ಬರು ಎದುರಿಗೆ ನಿಂತಿದ್ದರೆ ಎಂದುಕೊಂಡೆ. ಅಷ್ಟೇ, ಮುಂದಕ್ಕೆ ಯೋಚಿಸಲಿಲ್ಲ.

ಅವರು ಹೊರಗೆ ಹೋದ ಮೇಲೆ ಮಾತು ಶುರುವಾಯಿತು. ಶಿವನಂಜಪ್ಪನವರು, "ಬುದ್ಧಿವಂತೆ, ಇಲ್ಲ ಅನ್ನಲ್ಲ. ನಾಳೆ ಮದ್ವೆ ಮಾಡ್ಕೊಂಡು ಹೋಯ್ತಾಳೆ. ಗಡ್ಡ ಮೀಸೆ ಬಂದ ಹುಡುಗ್ರನ್ನ ಈಯಮ್ಮ ಹದ್ದುಬಸ್ತಲ್ಲಿ ಇಡ್ತಾಳಾ? ನಮ್ ರುದ್ರಸ್ವಾಮಿ ಮನೆ ಹುಡುಗ ಇರುವಾಗ ಬ್ಯಾರೆ ಮಾತ್ಯಾಕೆ?" ಎಂದರು. ಸಣ್ಣಯ್ಯನವರು ಮಜ್ಜಿಗೆಯ ಲೋಟ ಎತ್ತಿ ತೋರಿಸಿ, "ನಮ್ಮನೆ ಮಜ್ಜಿಗೇನೂ ಮುಟ್ಲಿಲ್ಲ ನೋಡಿ, ಎಂಥ ಗತ್ತು" ಎಂದರು. ನಾನು ಇನ್ನೊಂದು ಸಲ ಬಾಯಿ ಬಿಟ್ಟೆ. "ಅವರಿಗೆ ರಂಜಾನ್ ಉಪವಾಸ ಸಣ್ಣಯ್ಯನವರೇ, ಸೂರ್ಯ ಮುಳುಗೋವರೆಗೆ ನೀರೂ ಇಲ್ಲ. ಶ್ರಾವಣ ಸೋಮವಾರ ನಾನು ನಿಮ್ಮ ಮನೆಗೆ ಬಂದು ಏನೂ ಮುಟ್ಟದೆ ಹೋದಾಗ ಸುಂದ್ರಮ್ಮನಿಗೆ ಗತ್ತು ಅಂದಿರಾ?" ಎಂದೆ. ಸಣ್ಣಯ್ಯನವರು ಲೋಟವನ್ನು ಕೆಳಗಿಟ್ಟರು.

ಕೈ ಎತ್ತಿಸಿದರು. ಶಿವನಂಜಪ್ಪನವರು, ಸಣ್ಣಯ್ಯನವರು ನೀಲಕಂಠನಿಗೆ. ಅಂಕ ನೋಡಿದರೆ ಆಕೆಯೇ ಮುಂದು, ಅದನ್ನು ನೋಡದ ಹಾಗೆ ಇರಲಾರೆ ಎಂದು ಹೆಡ್‌ಮಾಸ್ಟರು ಆಕೆಗೆ. "ನನ್ ಗದ್ದೆ ನಂಗೆ ಅರ್ಥ ಮಾಡಿಸ್ದೋರು ಈವಮ್ಮ ಒಬ್ರೇ" ಎಂದು ಚಿಕ್ಕಬಸಪ್ಪ ಆಕೆಗೆ. ಉಳಿದದ್ದು ನಿಮ್ಮ ಕುರ್ಚಿ. ಅಧ್ಯಕ್ಷರು ರುಜು ಹಾಕಬೇಕಾದ ಜಾಗದ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಿಮ್ಮ ಅಣ್ಣನ ಮುಖ ನೆನಪಾಯಿತು, ನೀಲಕಂಠ ಚಿಕ್ಕವನಿದ್ದಾಗ ನನ್ನ ಸೊಂಟದ ಮೇಲೆ ಮಲಗುತ್ತಿದ್ದದ್ದು ನೆನಪಾಯಿತು. ಬದ್ರುನ್ನೀಸಾ ಅವರಿಗೆ ಎಂದು ಕೈ ಎತ್ತಿದೆ. ಬಳೆಗಳು ಮೊಣಕೈಗೆ ಜಾರಿದ ಸದ್ದು ಇಡೀ ಗೋಡೌನಿಗೆ ಕೇಳಿಸಿತು.

ಭಾವನವರು ಮಾರನೇ ದಿನವೇ ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು, "ತಮ್ಮ ಆಸ್ಪತ್ರೇಲಿ ಮಲಗವ್ನೆ ಅಂತ ಸುಮ್ಕಿದೀನಿ. ಇನ್ನು ಈ ಹೊಸ್ಲು ತುಳಿಯಕಿಲ್ಲ" ಎಂದು ಅತ್ತೆಗೆ ಮಾತ್ರ ಕೈ ಮುಗಿದು ಹೋದರು. ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನೀಲಕಂಠ ಮೊನ್ನೆ ಒಬ್ಬನೇ ಬಂದಿದ್ದ. ಆ ದಿನ ಕಾಲೇಜಿನ ಕಿಟಕಿಯ ಹೊರಗೆ ನಿಂತು ಬದ್ರುನ್ನೀಸಾ ಅವರ ಉತ್ತರ ಕೇಳಿಸಿಕೊಂಡನಂತೆ. "ನನಗಿಂತ ಚೆನ್ನಾಗಿ ಹೇಳಿದ್ರು ಚಿಕ್ಕಮ್ಮ. ಆದ್ರೂ ನೀವು ಕೈ ಎತ್ತಿದ್ದು ನನಗೆ ಇನ್ನೂ ನೋಯ್ತಿದೆ" ಎಂದ. ಎರಡೂ ನಿಜ ಎಂದು ನಾನೂ ಒಪ್ಪಿಕೊಂಡೆ. ಕೃಷ್ಣರಾಜನಗರದ ಹೈಸ್ಕೂಲಿನಲ್ಲಿ ಜಾಗ ಖಾಲಿ ಇದೆಯಂತೆ, ಅರ್ಜಿ ಹಾಕಿದ್ದಾನೆ. ಉಪ್ಪಿಟ್ಟು ಮಾಡಿಕೊಟ್ಟೆ, ತಿಂದು ಹೋದ. ನೀವು ಭಾವನವರಿಗೆ ನಿಮ್ಮ ಕೈಯಾರೆ ನಾಲ್ಕು ಸಾಲು ಬರೆಯಿರಿ. ನನ್ನನ್ನು ಬೈದು ಬರೆದರೂ ಸರಿ.

ನೀವು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ಕೋಪವನ್ನೇ ಬರೆದು ಕಳಿಸಿ, ಮನಸ್ಸಿನಲ್ಲಿಟ್ಟುಕೊಂಡು ಜ್ವರ ಏರಿಸಿಕೊಳ್ಳಬೇಡಿ. ಚಿಕ್ಕಬಸಪ್ಪ ಗದ್ದೆಗೆ ಗೂಟ ಹೊಡೆದಿದ್ದಾರಂತೆ, ಇಡೀ ಗಾವಡಗೆರೆ ನೋಡಲು ಹೋಗುತ್ತಿದೆ. ಜೂನ್ ಕೊನೆಗೆ ಕಾಲೇಜು ಶುರು, ಈ ಸಲ ಏಳು ಹುಡುಗಿಯರು ಹೆಸರು ಬರೆಸಿದ್ದಾರೆ. ಹೋದ ವರ್ಷ ಒಬ್ಬಳೂ ಇರಲಿಲ್ಲ. ಆ ಸುದ್ದಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿ.

ಅತ್ತೆ ನಿಮಗೆ ವಿಭೂತಿ ಕೊಟ್ಟಿದ್ದಾರೆ, ಕಾಗದದ ಮಡಿಕೆಯಲ್ಲಿದೆ, ಬಿಡಿಸುವಾಗ ಜೋಪಾನ. ಶಿವ ನಿಮ್ಮ ಎದೆಯನ್ನು ಹಗುರ ಮಾಡಲಿ. ದಾದಿಯಮ್ಮನಿಗೂ ಪಕ್ಕದ ಹಾಸಿಗೆಯವರಿಗೂ ನನ್ನ ನಮಸ್ಕಾರ ಹೇಳಿ.

ನಿಮ್ಮವಳು,
ಸುಂದ್ರಮ್ಮ

ಮರೆತೆ: ಟಪಾಲಿನವರು ಬೀದಿ ತುದಿಗೆ ಬಂದಿದ್ದಾರೆ, ಬೇಗ ಬರೆಯುತ್ತೇನೆ. ಬದ್ರುನ್ನೀಸಾ ಅವರು ಈ ವಾರ ಬಾಡಿಗೆಗೆ ಕೋಣೆ ಹುಡುಕಿಕೊಂಡು ಬಂದಿದ್ದರು. ನಾಲ್ಕು ಮನೆಯಲ್ಲಿ ಹೆಸರು ಕೇಳಿದ ಮೇಲೆ ಕೋಣೆ ಖಾಲಿ ಇಲ್ಲ ಎಂದರಂತೆ. ದಿನಾ ಪಿರಿಯಾಪಟ್ಟಣದಿಂದ ಓಡಾಡಿದರೆ ಎಷ್ಟು ದಿನ ಆದೀತು? ನಿಮ್ಮ ಈ ಓದುವ ಕೋಣೆಯನ್ನು ಅವರಿಗೂ ಅವರ ತಾಯಿಗೂ ಕೊಡುತ್ತೇನೆ ಎಂದುಬಿಟ್ಟಿದ್ದೇನೆ. ಅತ್ತೆ ಒಂದು ಇಡೀ ದಿನ ಯೋಚನೆ ಮಾಡಿ, "ಮಾಂಸ ಬೇಯಿಸಬಾರ್ದು, ದೇವರ ಕ್ವಾಣೆ ಕಡೆ ಬರಬಾರ್ದು ಅಂತ ಮೊದ್ಲೇ ಯೋಳ್ಬುಡು. ಎಣ್ಣೆಂಗಸ್ರು ಬಸ್ ಸ್ಟಾಂಡಲ್ಲಿ ನಿಂತ್ಕಂಡಿರೋದು ಬ್ಯಾಡ" ಎಂದಿದ್ದಾರೆ. ನಿಮಗೆ ಇಷ್ಟವಿಲ್ಲದಿದ್ದರೆ ಕೂಡಲೇ ಬರೆಯಿರಿ, ಬೇಡ ಎಂದು ಹೇಳಿಬಿಡುತ್ತೇನೆ. ನಾಳೆ ಭಾನುವಾರ, ಟಪಾಲಿಲ್ಲ, ಕಾಗದ ನಿಮ್ಮ ಕೈಸೇರುವುದು ಸೋಮವಾರ ಮಧ್ಯಾಹ್ನ. ಅವರು ಬರುವುದು ಸೋಮವಾರ ಬೆಳಗಿನ ಬಸ್ಸಿಗೆ.