ಬೆಹ್ನಾಮ್ ಫೋನ್ ಮಾಡಲಿ

ಅಕ್ಟೋಬರ್ 14, ಮಂಗಳವಾರ

ಅತ್ತೆಯ ಮಾತ್ರೆ, ಚಹಾ, ಕಾಲಿಗೆ ಎಣ್ಣೆ. ಹನ್ನೊಂದಕ್ಕೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ — ಇವತ್ತು ನಮ್ಮ ಮನೆಯ ಸರದಿ. ಹಸಿರು ಅಂಗಿ ಕಳಚಿ ಕಪ್ಪು ಹಾಕಿಕೊಂಡೆ. ನಮ್ಮೂರು ಕರಾಕೋಶ್‌ನ ಹೆಂಗಸರು ಆರು ಜನ ಬಂದಿದ್ದರು. ಫ್ಲಾಸ್ಕಿನಲ್ಲಿ ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ. ಮಷೀನ್ ತಿರುಗುವಾಗ ಜೋರಾಗಿ ಅಳಬಹುದು, ಮೇಲೆ ಅತ್ತೆಗೆ ಕೇಳಿಸುವುದಿಲ್ಲ.

ನನ್ನ ಗಂಡ ಬೆಹ್ನಾಮ್ ಹೋಗಿ ಹದಿನೇಳು ದಿನ. ಇಲ್ಲಿಗೆ ನಮ್ಮ ಹತ್ತಿರ ಬರಲು, ಸ್ವೀಡನ್ನಿನ ವೀಸಾಕ್ಕೆ ಇರಾಕಿನ ಎರ್ಬಿಲ್‌ನಲ್ಲಿ ಮೂರು ವರ್ಷ ಕಾದ. ರಸ್ತೆ ದಾಟುವಾಗ ಲಾರಿ.

ಒಂದಕ್ಕೆ ಸ್ವೀಡಿಷ್ ಮುದುಕ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತ. ಅವನ ಸರದಿ. ಮತ್ತೆ ಹಸಿರು ಅಂಗಿ.

ಅಕ್ಟೋಬರ್ 19

ಮೈದುನ ಸರ್ಕೀಸ್ ಇವತ್ತೂ ಎಚ್ಚರಿಸಿ ಹೋದ. "ಅಮ್ಮನ ಹಾರ್ಟ್ ಆಪರೇಷನ್ ಆಗೋವರೆಗೆ ಬಾಯಿ ಬಿಡ್ಬೇಡಿ ಅತ್ತಿಗೆ. ಇನ್ನು ಒಂಬತ್ತು ದಿನ."

ಕಾಯಿಲೆಯವರಿಗೆ ನಮ್ಮವರು ಸಾವಿನ ಸುದ್ದಿ ಮುಟ್ಟಿಸುವುದಿಲ್ಲ. ಬಡಾವಣೆಯ ಇರಾಕಿನವರಿಗೆಲ್ಲ ಗೊತ್ತು. ಪಾದ್ರಿಗೆ ಗೊತ್ತು, ರೊಟ್ಟಿ ಅಂಗಡಿಯವನಿಗೂ ಗೊತ್ತು. ಅತ್ತೆಯ ಲೆಕ್ಕದಲ್ಲಿ ಮಾತ್ರ ಮಗ ಇರಾಕಿನ ದಕ್ಷಿಣದ ಎಣ್ಣೆ ಬಾವಿ ಕೆಲಸಕ್ಕೆ ಹೋಗಿದ್ದಾನೆ, ಅಲ್ಲಿ ಫೋನ್ ಸಿಗುವುದಿಲ್ಲ.

"ಗಂಡ ಮೂರು ವಾರದಿಂದ ಪತ್ತೆಯಿಲ್ಲ. ನೀನು ಹಾಯಾಗಿ ಈರುಳ್ಳಿ ಹೆಚ್ತಿದೀಯ. ಎಂಥ ಹೆಂಡ್ತಿಯೇ ನೀನು?" ಎಂದರು ಅತ್ತೆ.

ಈರುಳ್ಳಿ ಇದ್ದದ್ದು ಪುಣ್ಯ.

ಅಕ್ಟೋಬರ್ 27

ಆಸ್ಪತ್ರೆಯಿಂದ ಫೋನ್. ಆಪರೇಷನ್ ನವೆಂಬರ್ ಏಳಕ್ಕೆ ಮುಂದೆ ಹೋಯಿತು. ಇನ್ನೂ ಹನ್ನೊಂದು ದಿನ ಗಂಡ ಇರುವವಳ ಹಾಗೆ ಓಡಾಡಬೇಕು. ಸಿಟ್ಟು ಬಂತು. ಈ ಮನೆಯಲ್ಲಿ ಇವಳೊಬ್ಬಳಿಗೇನಾ ಹೃದಯ ಇರುವುದು?

...ಇವಳು ಎಂದು ಬರೆದೆ. ತಪ್ಪು. ಇರಲಿ.

ನವೆಂಬರ್ 6, ಬೆಳಿಗ್ಗೆ

ನಾಳೆ ಆಪರೇಷನ್. ಅತ್ತೆಯದು ಒಂದೇ ಹಟ. "ಬೆಹ್ನಾಮ್ ಫೋನ್ ಮಾಡ್ಲಿ. ಅವನ ದನಿ ಕೇಳ್ದೆ ನಾನು ಆ ಟೇಬಲ್ ಮೇಲೆ ಮಲಗಲ್ಲ."

ಇನ್ನು ತಡ ಮಾಡಬಾರದು ಎಂದಿದ್ದಾರೆ ಡಾಕ್ಟರ್. ಹೇಳಿದರೂ ಸಾಯುತ್ತಾರೆ, ಹೇಳದಿದ್ದರೂ ಸಾಯುತ್ತಾರೆ.

ಸರ್ಕೀಸ್ ನೆಲ ನೋಡುತ್ತಾ ಹೇಳಿದ, "ಅಣ್ಣಂದೂ ನಂದೂ ದನಿ ಒಂದೇ ಅಂತಾರಲ್ಲ..."

ಬೇಡ ಎಂದೆ. ಆಮೇಲೆ ನಾನೇ ಕಲಿಸಿದೆ. ಅವನು ಊರು ಬಿಟ್ಟು ಹನ್ನೆರಡು ವರ್ಷ, ಅಣ್ಣನ ರೂಢಿ ಮರೆತಿದ್ದಾನೆ. ಮಾತಿಗೆ ಮುಂಚೆ ಸಣ್ಣ ಕೆಮ್ಮು. ಅಮ್ಮನನ್ನು "ಏನಮ್ಮಾ ಮಹಾರಾಣಿ" ಎಂದು ರೇಗಿಸುವುದು.

ಅದೇ ದಿನ, ಸಂಜೆ ನಾಲ್ಕು

ಫೋನ್ ಬಂತು. ಸರ್ಕೀಸ್ ಕೆಳಗೆ ಕಾರಿನಲ್ಲಿ ಕೂತು ಮಾಡಿದ್ದು, ಹೊಸ ನಂಬರಿನಿಂದ. ಅತ್ತೆ ಬೈದರು, ನಕ್ಕರು, ಊಟ ಆಯಿತಾ ಎಂದು ನಾಲ್ಕು ಸಲ ಕೇಳಿದರು. ನಾಳೆ ಹೋಗುತ್ತೇನೆ ಎಂದು ಮಾತು ಕೊಟ್ಟರು. ಮುಗಿಯಿತಲ್ಲ ಎಂದು ಉಸಿರು ಬಿಟ್ಟೆ. ಅಷ್ಟರಲ್ಲಿ ಫೋನ್ ನನ್ನ ಕೈಗೆ ಕೊಟ್ಟರು. "ತಗೋ, ಮಾತಾಡು. ನಾನು ಕೇಳಿಸ್ಕೊಳ್ಳಲ್ಲ ಬಿಡು."

ತೋರಿಕೆಗೆ ಎರಡು ಮಾತಾಡಿ ಇಟ್ಟುಬಿಡಬೇಕಿತ್ತು.

ಆ ಕಡೆಯಿಂದ ಕೆಮ್ಮು. "ಬಹೀಜಾ... ಹೇಗಿದೀಯ?"

ಸರ್ಕೀಸ್ ಒಂದು ದಿನವೂ ನನ್ನ ಹೆಸರು ಹಿಡಿದು ಕರೆದವನಲ್ಲ.

ಕಿಟಕಿಯಿಂದ ಕಾರು ಕಾಣುತ್ತಿತ್ತು. ಅದಕ್ಕೆ ಬೆನ್ನು ಹಾಕಿ ನಿಂತೆ. "ಯಾವಾಗ ಬರ್ತೀಯ?" ಎಂದೆ. ಅತ್ತೆಗೆ ಕೇಳಲಿ ಎಂದು ಕೇಳಿದ್ದಲ್ಲ. ಆ ಕಡೆ ಮತ್ತೆ ಅದೇ ಸಣ್ಣ ಕೆಮ್ಮು. ನಾನು ಫೋನ್ ಇಡಲಿಲ್ಲ. ಮತ್ತೆ ಕೇಳಿದೆ. ಮತ್ತೆ —